ವಿನೈಲ್ ನೆಲ ಕೆಟ್ಟಿದೆಯೇ? ತೊಂದರೆ ಯಾವ ಪದರದ್ದು ಎಂದು ಮೊದಲು ನೋಡಿ

ಪ್ರಶ್ನೆ: ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದು ಹಳೇ ಮನೆ. ಪಡಸಾಲೆಯ ಫರ್ಸಿ (ಕಲ್ಲಿನ ಹಾಸು) ಮೇಲೆ ಕೆಲವು ವರ್ಷಗಳ ಹಿಂದೆ ಮರದ ಡಿಸೈನಿನ ವಿನೈಲ್ ಶೀಟ್ ಅಂಟಿಸಿದೆವು. ಈಗ ಬಾಗಿಲ ಹತ್ತಿರ ಮಂಕಾಗಿದೆ. ಮ್ಯಾಟಿನ ಕೆಳಗೆ ಹಳದಿ ಕಲೆ ಕೂತಿದೆ. ಬಚ್ಚಲಿನ ಗೋಡೆ ಕಡೆ ಮಳೆಗಾಲದಲ್ಲಿ ಉಬ್ಬುತ್ತದೆ. ಪಾಲಿಶ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಹೌದೇನ್ರೀ?

ಉತ್ತರ: ಇಲ್ಲ. ನೀವು ಹೇಳಿದ ಮೂರೂ ಬೇರೆ ಬೇರೆ ತೊಂದರೆಗಳು. ಪಾಲಿಶ್ ಉಪಯೋಗಕ್ಕೆ ಬಂದರೆ ಒಂದಕ್ಕೆ ಮಾತ್ರ, ಅದೂ ಸ್ವಲ್ಪ ದಿನಕ್ಕೆ.

ನಿಮ್ಮ ಶೀಟಿನ ತೀರಾ ಮೇಲೆ ಬಹಳ ತೆಳುವಾದ ಪಾಲಿಯುರೆಥೇನ್ ಲೇಪ ಇರುತ್ತದೆ. ಅದರ ಕೆಳಗೆ ಸವೆತ ತಡೆಯುವ ಪಾರದರ್ಶಕ ಪಿವಿಸಿ ಪದರ. ಆಮೇಲೆ ಮರದ ಚಿತ್ರ ಮುದ್ರಿಸಿದ ಪದರ, ಅದರಡಿ ಫೋಮ್ ಅಥವಾ ಗಟ್ಟಿ ಪಿವಿಸಿ. ಅಂಗಡಿಯಲ್ಲಿ ಎಲ್ಲರೂ ಶೀಟಿನ ಒಟ್ಟು ದಪ್ಪ ಕೇಳುತ್ತಾರೆ. ಆದರೆ ಬಾಳಿಕೆ ಇರುವುದು ಆ ಪಾರದರ್ಶಕ ಪದರದಲ್ಲಿ. ಮನೆ ಬಳಕೆಗೆ ಅದು ಸಾಮಾನ್ಯವಾಗಿ 0.2ರಿಂದ 0.3 ಮಿ.ಮೀ. ಇರುತ್ತದೆ, ಅಂಗಡಿ-ಕಚೇರಿಗೆ 0.5 ಮಿ.ಮೀ. ಅಗ್ಗದ ಶೀಟಿನಲ್ಲಿ 0.1 ಮಿ.ಮೀ. ಕೂಡ ಇರಲಿಕ್ಕಿಲ್ಲ. ಹೊಸ್ತಿಲ ಪಟ್ಟಿ ಬಿಚ್ಚಿ, ಕತ್ತರಿಸಿದ ಅಂಚನ್ನು ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ, ಪದರಗಳು ಕಾಣುತ್ತವೆ.

ಬಾಗಿಲ ಹತ್ತಿರದ ಮಂಕಿಗೆ ಬರೋಣ. ಅಂಗೈಯಗಲ ಜಾಗವನ್ನು ತೆಳು ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಸೋಫಾದ ಅಡಿಯ ನೆಲದ ಜೊತೆ ಹೋಲಿಸಿ. ಹೊಳಪು ಬಂತಾ? ಹಾಗಾದರೆ ಅದು ಜಿಡ್ಡು ಅಷ್ಟೇ. ಬರಲಿಲ್ಲವೆಂದರೆ ಟಾರ್ಚನ್ನು ನೆಲಕ್ಕೆ ತಾಗಿಸಿ ಓರೆಯಾಗಿ ಹಿಡಿಯಿರಿ. ಸಣ್ಣ ಗೀರುಗಳಿದ್ದು ಮರದ ಗೆರೆಗಳು ಸರಿಯಾಗಿದ್ದರೆ ಮೇಲಿನ ಪದರ ಮಾತ್ರ ಸವೆದಿದೆ. ಚಪ್ಪಲಿಗೆ ಅಂಟಿ ಬರುವ ಮಣ್ಣು, ಮರಳಿನದೇ ಈ ಕೆಲಸ. ಇಲ್ಲಿ ವಿನೈಲ್ ಪಾಲಿಶ್ ನಡೆಯುತ್ತದೆ. ಗೆರೆಗಳೇ ಅಳಿಸಿದ್ದರೆ ಮುದ್ರಣವೇ ಹೋಗಿದೆ, ಆ ತುಂಡು ಬದಲಿಸಬೇಕು.

ಮ್ಯಾಟ್ ತಿರುವಿ ನೋಡಿ. ಬೆನ್ನಿಗೆ ರಬ್ಬರ್ ಇದ್ದು, ಕಲೆಯ ಆಕಾರ ಮ್ಯಾಟಿನ ಅಂಚಿಗೆ ಹೊಂದುತ್ತಿದ್ದರೆ ಅನುಮಾನ ಬೇಡ. ರಬ್ಬರಿಗೆ ಬೆರೆಸಿದ ರಾಸಾಯನಿಕ ವಿನೈಲ್ ಒಳಗೆ ಇಳಿದು ಬಣ್ಣ ಬದಲಾಗಿದೆ. ಅದು ಕೊಳೆಯಲ್ಲ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಸುಮ್ನೆ ಥಿನ್ನರ್, ಆಸಿಡ್ ಹಾಕಿ ಇದ್ದದ್ದನ್ನೂ ಕೆಡಿಸಬೇಡಿ. ಇನ್ನು ಮುಂದೆ ಬಟ್ಟೆಯ ಮ್ಯಾಟ್ ಹಾಕಿ. ಕಲೆಗೂ ಮ್ಯಾಟಿಗೂ ಸಂಬಂಧವಿಲ್ಲದೆ ಹರಡಿದ್ದರೆ ಅದು ಕೆಳಗಿನಿಂದ ಬಂದಿರಬಹುದು: ತೇವ, ಬೂಷ್ಟು ಅಥವಾ ಅಂಟು.

ನನಗೆ ಜಾಸ್ತಿ ಚಿಂತೆ ಆ ಉಬ್ಬಿನದು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಫರ್ಸಿಯ ಅಡಿ ತೇವ ತಡೆಯುವ ಪದರವೇ ಇರುವುದಿಲ್ಲ. ಮೊದಲು ನೆಲದ ತೇವ ಕಲ್ಲಿನ ಸಂದಿಯಿಂದ ಮೇಲೆ ಬಂದು ಗಾಳಿಗೆ ಆರುತ್ತಿತ್ತು. ಈಗ ವಿನೈಲ್ ಮುಚ್ಚಿರುವುದರಿಂದ ಅದಕ್ಕೆ ದಾರಿಯಿಲ್ಲ, ಅಂಟು ಮೆತ್ತಗಾಗಿ ಶೀಟ್ ಏಳುತ್ತದೆ. ಆದರೆ ಬಚ್ಚಲು ಪಕ್ಕದಲ್ಲೇ ಇದೆ, ಅಲ್ವಾ? ಬೇಸಿಗೆಯಲ್ಲೂ ಉಬ್ಬಿದ್ದರೆ ಮೊದಲು ಪೈಪ್ ಸೋರಿಕೆ ನೋಡಿಸಿ. ಸೂಜಿ ಚುಚ್ಚಿ ಅಂಟು ತುಂಬುತ್ತೇವೆ ಎಂದರೆ ಒಪ್ಪಬೇಡಿ. ನೀರು ಅಲ್ಲೇ ಉಳಿಯುತ್ತದೆ, ಪಕ್ಕದಲ್ಲಿ ಇನ್ನೊಂದು ಕಡೆ ಏಳುತ್ತದೆ.

ಮೂಲೆ ಎತ್ತಿ ನೋಡಿ. ಬಿಳಿ ಪುಡಿ ಕಂಡರೆ ಅದು ನೀರು ಮೇಲೆ ತಂದ ಉಪ್ಪು. ಉಬ್ಬಿದ ತುಂಡನ್ನು ತೆಗೆಸಿ, ಬರೀ ಫರ್ಸಿಯ ಮೇಲೆ ಸುಮಾರು 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಬದಿ ಟೇಪ್ ಹಚ್ಚಿ. 16 ತಾಸು ಬಿಟ್ಟು ನೋಡಿ. ಹಾಳೆಯ ಅಡಿ ನೀರಿನ ಹನಿ ಕಂಡರೆ ಅಥವಾ ಕಲ್ಲು ಕಪ್ಪಾಗಿದ್ದರೆ ತೇವ ಇನ್ನೂ ಬರುತ್ತಿದೆ. ಈ ಪರೀಕ್ಷೆ ಜುಲೈ, ಆಗಸ್ಟಿನಲ್ಲಿ ಮಾಡಿ. ಏಪ್ರಿಲ್‌ನಲ್ಲಿ ಮಾಡಿದರೆ ನೆಲ ಒಣಗಿದೆ ಎಂದೇ ಕಾಣುತ್ತದೆ. ತೇವ ನಿಲ್ಲುವವರೆಗೆ ಅಲ್ಲಿ ಹೊಸ ಶೀಟ್ ಅಂಟಿಸಬೇಡಿ.

ಶೀಟ್ ಎತ್ತುವಾಗ ಅಡಿಯಲ್ಲಿ ಫರ್ಸಿ ಬದಲು ದಶಕಗಳ ಹಿಂದಿನ ಗಟ್ಟಿ ಪಿವಿಸಿ ಟೈಲ್ಸ್ ಸಿಕ್ಕರೆ ಕೆಲಸ ನಿಲ್ಲಿಸಿ. ಹಿಂದೆ ಅವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಬೆರೆಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ, ಕಣ್ಣಿಂದ ನೋಡಿ ಗುರುತಿಸಲೂ ಆಗದು. ಲ್ಯಾಬಿನಲ್ಲಿ ಪರೀಕ್ಷೆ ಆಗುವವರೆಗೆ ಒಡೆಯುವುದು, ಉಜ್ಜುವುದು ಬೇಡ.