ಸಾಲ ಮನೆಗೆ ಅಂಟಿಕೊಳ್ಳುವುದಿಲ್ಲ

ಬೆಂಗಳೂರಿನ ಲಗ್ಗೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಶಾಲೆಯಲ್ಲಿ ಟೀಚರ್. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: ಯುಗಾದಿ ಆದ ಮೇಲೆ ಎರಡನೇ ಮಹಡಿಯ ಬಾಡಿಗೆ ಮನೆಗೆ ಬಂದರು. ಹಾಲು ಉಕ್ಕಿಸಿದ ವಾರದಿಂದಲೇ ಹಿಂದೆ ಇದ್ದವರ ಹೆಸರಿಗೆ ಕಾಗದಗಳು ಶುರು. ಕ್ರೆಡಿಟ್ ಕಾರ್ಡ್ ಬಾಕಿ, ಫೈನಾನ್ಸ್ ಕಂಪನಿಯ ಕಂತು, ಒಂದರ ಮೇಲೆ ಕೆಂಪಕ್ಷರದಲ್ಲಿ ‘ಲೀಗಲ್ ನೋಟಿಸ್’. ಒಂದು ಭಾನುವಾರ ರಾತ್ರಿ ಎಂಟರ ಮೇಲೆ ಇಬ್ಬರು ಬಂದು, ಗೇಟಿನ ಹತ್ತಿರ ನಿಂತು, ಹಳಬರ ಹೆಸರು ಹಿಡಿದು ಕೂಗಿದರು. ಅವರು ಖಾಲಿ ಮಾಡಿದ್ದಾರೆ ಅಂದರೆ ನಂಬಲಿಲ್ಲ, ‘ಹಾಗಾದ್ರೆ ಅವರ ನಂಬರ್ ಕೊಡಿ’ ಅಂದರು. ಈಗ ಅಕ್ಕಪಕ್ಕದವರು ಇವರನ್ನೇ ಸಾಲಗಾರರು ಅಂದುಕೊಂಡಿದ್ದಾರೆ. ಗಂಡ ಹರಿದು ಬಿಸಾಕು ಅಂತಾರೆ. ಅತ್ತೆ ಒಡೆದು ನೋಡೋಣ ಅಂತಾರೆ. ಓನರ್ ‘ನೀವೇ ನೋಡ್ಕೊಳ್ಳಿ’ ಅಂದು ಫೋನ್ ಇಟ್ಟರಂತೆ. ‘ಆ ಮೋಸಗಾರರ ಸಾಲಕ್ಕೆ ನಮ್ಮ ಸಿಬಿಲ್ ಹಾಳಾಗುತ್ತಾ? ನಮ್ಮ ಫ್ರಿಡ್ಜು, ಟೀವಿ ಹೊತ್ಕೊಂಡು ಹೋಗ್ತಾರಾ?’ ಅಂತ ಕೇಳಿದ್ದಾರೆ.

ಮೊದಲು ನಿಮ್ಮ ಭಯ ಕಳೆಯೋಣ. ನಿಮ್ಮ ಸಿಬಿಲ್‌ಗೆ ಏನೂ ಆಗುವುದಿಲ್ಲ. ಸಿಬಿಲ್ ಅಂದರೆ ಯಾರು ಸಾಲ ಹೇಗೆ ತೀರಿಸುತ್ತಾರೆ ಅಂತ ಲೆಕ್ಕ ಇಟ್ಟು ಅಂಕ ಕೊಡುವ ಸಂಸ್ಥೆ. ಆ ಲೆಕ್ಕ ಇಡುವುದು ಮನುಷ್ಯರದ್ದು, ಮನೆಯದ್ದಲ್ಲ. ಹೆಸರು, ಹುಟ್ಟಿದ ದಿನ, ಪ್ಯಾನ್ ನಂಬರ್ ಹಿಡಿದು ಸಾಲದ ಇತಿಹಾಸ ಬರೆಯುತ್ತಾರೆ. ಒಂದೇ ವಿಳಾಸದಲ್ಲಿ ಒಬ್ಬರಾದ ಮೇಲೆ ಒಬ್ಬರು ಹತ್ತು ಜನ ಬಾಡಿಗೆಗೆ ಇದ್ದರೂ ಒಬ್ಬರ ಬಾಕಿ ಇನ್ನೊಬ್ಬರ ಅಂಕ ಇಳಿಸುವುದಿಲ್ಲ. ಅನುಮಾನ ಇದ್ದರೆ ನಿಮ್ಮದೇ ವರದಿ ತೆಗೆಸಿ ನೋಡಿ. ಸಿಬಿಲ್ ಸೇರಿ ಇಂಥ ನಾಲ್ಕು ಸಂಸ್ಥೆಗಳಿವೆ, 2017ರಿಂದ ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಬಿಟ್ಟಿಯಾಗಿ ಕೊಡಲೇಬೇಕು.

ಫ್ರಿಡ್ಜಿನ ವಿಷಯ. ಬ್ಯಾಂಕಿನ ಏಜೆಂಟ್ ನಿಮ್ಮ ಮನೆಯ ಒಂದು ಚಮಚ ಮುಟ್ಟುವ ಹಾಗಿಲ್ಲ. ಸಾಮಾನು ಜಪ್ತಿ ಮಾಡಬೇಕು ಅಂದರೆ ಕೋರ್ಟಿನಲ್ಲಿ ಡಿಕ್ರಿ, ಅಂದರೆ ತೀರ್ಪು, ಆಗಿರಬೇಕು, ಕೋರ್ಟಿನ ಅಮೀನರು ಆದೇಶ ಹಿಡಿದು ಬರಬೇಕು, ಆಗಲೂ ಸಾಲ ಮಾಡಿದವರ ಸ್ವತ್ತನ್ನು ಮಾತ್ರ ಜಪ್ತಿ ಮಾಡಬಹುದು. ನಿಮ್ಮ ಹೆಸರಿನ ಬಿಲ್ಲು, ಬಾಡಿಗೆ ಕರಾರು ಒಂದು ಕಡೆ ಇಟ್ಟುಕೊಂಡಿರಿ, ಸಾಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ನನಗೆ ತುಂಬಾ ಇಷ್ಟ. ಸ್ವತಃ ಸಾಲ ಮಾಡಿದವನ ಮನೆಯಲ್ಲೂ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ಪ್ರಕಾರ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆ, ಇವನ್ನು ಜಪ್ತಿ ಮಾಡುವ ಹಾಗಿಲ್ಲ ಅಂತ ಅಲ್ಲಿ ಬರೆದಿದೆ. ಬ್ರಿಟಿಷರ ಕಾಲದ ಕಾನೂನು ಸಾಲಗಾರನ ಹೆಂಡತಿಯ ತಾಳಿಯನ್ನು ಕಾಪಾಡಿತು. ಇವತ್ತು ಗೇಟಿನ ಹತ್ತಿರ ನಿಂತು ಕೂಗುವವರಿಗೆ ಅದನ್ನು ಯಾರಾದರೂ ಓದಿ ಹೇಳಬೇಕು.

ಈಗ ಕಾಗದದ ವಿಷಯಕ್ಕೆ ಬರೋಣ. ನಿಮ್ಮ ಮನೆಯವರು ಹೇಳುವುದೂ ತಪ್ಪು, ಅತ್ತೆಯವರು ಹೇಳುವುದೂ ತಪ್ಪು. ಹರಿಯಬೇಡಿ, ಒಡೆಯಬೇಡಿ. ವಾಪಸ್ ಕಳಿಸಿ. ಅದನ್ನೂ ಸ್ವಲ್ಪ ಜಾಗ್ರತೆಯಿಂದ ಮಾಡಿ.

ಲಕೋಟೆ ತಿರುಗಿಸಿ ನೋಡಿ. ಹೆಸರು ಕಾಣುವ ಪಾರದರ್ಶಕ ಕಿಟಕಿಯ ಕೆಳಗೋ, ಹಿಂಭಾಗದ ಅಂಟಿನ ಪಟ್ಟಿಯ ಹತ್ತಿರವೋ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ತಲುಪದಿದ್ದರೆ ಎಲ್ಲಿಗೆ ಹಿಂದಿರುಗಿಸಬೇಕು ಅನ್ನೋದು ಸಾಮಾನ್ಯವಾಗಿ ಇರುತ್ತದೆ. ಕಳಿಸಿದವರು ಯಾರು ಅಂತ ತಿಳಿಯಲು ಒಡೆಯಬೇಕಾಗಿಯೇ ಇಲ್ಲ. ಹಳೆಯ ವಿಳಾಸದ ಮೇಲೆ ಒಂದು ಗೀಟು ಎಳೆದು, ‘ಈ ವ್ಯಕ್ತಿ ಮನೆ ಖಾಲಿ ಮಾಡಿದ್ದಾರೆ, ಕಳಿಸಿದವರಿಗೆ ಹಿಂದಿರುಗಿಸಿ’ ಅಂತ ದಪ್ಪಕ್ಷರದಲ್ಲಿ ಬರೆದು ಪೋಸ್ಟ್‌ಮ್ಯಾನ್ ಕೈಗೆ ಕೊಡಿ.

ಸಹಿ ಕೇಳುವ ಕಾಗದ ಬಂದರೆ ಇನ್ನೂ ಹುಷಾರು. ಸಹಿ ಹಾಕಬೇಡಿ. ಹಾಗಂತ ‘ನಮಗೆ ಬೇಡ, ತಗೊಳ್ಳಲ್ಲ’ ಅಂತಲೂ ಅನ್ನಬೇಡಿ. ಪೋಸ್ಟ್‌ಮ್ಯಾನ್ ಅದರ ಮೇಲೆ ‘ನಿರಾಕರಿಸಿದ್ದಾರೆ’ ಅಂತ ಬರೆದುಬಿಟ್ಟರೆ, ಕೋರ್ಟಿನ ಕಣ್ಣಿಗೆ ಅದು ಆ ಮನುಷ್ಯ ತಾನೇ ಬೇಡ ಅಂದ ಹಾಗೆ. 1897ರ ಜನರಲ್ ಕ್ಲಾಸಸ್ ಆಕ್ಟಿನ 27ನೇ ಕಲಮು ಹೇಳುವುದು ಇದನ್ನೇ: ಸರಿಯಾದ ವಿಳಾಸ ಬರೆದು, ಅಂಚೆ ಖರ್ಚು ಕಟ್ಟಿ ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿದ ಕಾಗದ, ತಲುಪಿಲ್ಲ ಅಂತ ಸಾಬೀತಾಗುವ ತನಕ ತಲುಪಿದೆ ಎಂದೇ ಲೆಕ್ಕ. ಚೆಕ್ ಬೌನ್ಸ್ ಆದವರಿಗೆ ನೋಟಿಸ್ ಸಿಕ್ಕ 15 ದಿನದೊಳಗೆ ಹಣ ಕಟ್ಟಿ ಕೇಸಿನಿಂದ ಪಾರಾಗುವ ಅವಕಾಶ ಇದೆ. ಆ 15 ದಿನ ನಿಮ್ಮ ಮನೆಯ ಕಸದ ಬುಟ್ಟಿಯಲ್ಲಿ ಕಳೆದುಹೋದರೆ ಆ ಮನುಷ್ಯನ ಗತಿ ಏನು? ಅದಕ್ಕೇ ಪೋಸ್ಟ್‌ಮ್ಯಾನ್‌ಗೆ ಸ್ಪಷ್ಟವಾಗಿ ‘ಅವರು ಮನೆ ಬಿಟ್ಟು ಹೋಗಿದ್ದಾರೆ’ ಅಂತ ಹೇಳಿ. ಅವರು ಹಾಗೇ ಷರಾ ಬರೆಯಲಿ. ಆ ಒಂದು ಷರಾ ನಿಮ್ಮನ್ನೂ ಕಾಪಾಡುತ್ತದೆ, ಹಳಬರನ್ನೂ.

‘ಆ ಮೋಸಗಾರರು’ ಅಂತ ಬರೆದಿದ್ದೀರಿ. ಮೇಷ್ಟ್ರ ಕೆಲಸ ಮಾಡುವವರು ನೀವು, ಮಗು ಹೋಮ್‌ವರ್ಕ್ ತರದಿದ್ದರೆ ಯಾಕೆ ಅಂತ ಕೇಳದೆ ಬೈಯುತ್ತೀರಾ? ಇಲ್ಲ ಅಲ್ವಾ. ಅವರು ಯಾಕೆ ಕಟ್ಟಲಿಲ್ಲ ಅಂತ ನಮಗೆ ಗೊತ್ತಿಲ್ಲ. ನಾವು ಪತ್ರಿಕೆ ಅಚ್ಚು ಹಾಕಿಸುತ್ತಿದ್ದ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವವರೊಬ್ಬರಿದ್ದರು. 2020ರ ಲಾಕ್‌ಡೌನಿನಲ್ಲಿ ಕೆಲಸ ಹೋಯಿತು. ರಿಸರ್ವ್ ಬ್ಯಾಂಕ್ ಆ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು, ಆದರೆ ಸೆಪ್ಟೆಂಬರಿನಲ್ಲೂ ಪ್ರೆಸ್ಸು ತೆರೆಯಲಿಲ್ಲ. ಬಾಡಿಗೆ ಕಟ್ಟಲಾಗದೆ ಮನೆ ಖಾಲಿ ಮಾಡಿ ಹಾಸನದ ಕಡೆ ಹೆಂಡತಿಯ ಊರಿಗೆ ಹೋದರು. ಸಾಲ ಕೊಟ್ಟವರ ಕಾಗದಗಳೆಲ್ಲ ಬೆಂಗಳೂರಿನ ಹಳೇ ಮನೆಗೇ ಬರುತ್ತಿದ್ದವು. ಅದರಲ್ಲೊಂದು ಬೆದರಿಕೆಯ ಪತ್ರವಲ್ಲ, ಬಡ್ಡಿ ಬಿಟ್ಟು ಅಸಲಿನ ಒಂದು ಭಾಗ ಒಂದೇ ಸಲ ಕಟ್ಟಿದರೆ ಖಾತೆ ಮುಗಿಸುತ್ತೇವೆ ಅನ್ನುವ ಪತ್ರ. ಆ ಮನೆಗೆ ಹೊಸದಾಗಿ ಬಂದವರು ಎಲ್ಲವನ್ನೂ ಹರಿದು ಹಾಕಿದ್ದರು. ಇವರಿಗೆ ವಿಷಯ ಗೊತ್ತಾಗುವ ಹೊತ್ತಿಗೆ ಗಡುವು ಮುಗಿದು ಎಷ್ಟೋ ಕಾಲವಾಗಿತ್ತು. ಹರಿದವರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ‘ಅವರಿಗೇನು ಗೊತ್ತು ಸಾರ್’ ಅಂದರು. ಈಗ ನಿಮಗೆ ಗೊತ್ತಾಗಿದೆ.

ಸಾಲ ಕೊಟ್ಟವರ ಕಡೆಯೂ ನ್ಯಾಯ ಇಲ್ಲದಿಲ್ಲ. ಬ್ಯಾಂಕಿನ ದುಡ್ಡು ಅಂದರೆ ನಿಮ್ಮ ನಮ್ಮ ಠೇವಣಿ, ಮನೆ ಮೇಲೆ ಮನೆ ಬದಲಿಸಿ ತಪ್ಪಿಸಿಕೊಳ್ಳುವವರೂ ಇದ್ದಾರೆ. ಒಪ್ಪಿದೆ. ಆದರೆ ಅವರನ್ನು ಹುಡುಕುವ ಕೆಲಸ ನಿಮ್ಮ ತಲೆಗೆ ಯಾಕೆ ಬರಬೇಕು? ನೀವು ಬಾಡಿಗೆ ಕೊಟ್ಟಿರುವುದು ಮನೆಗೆ, ಅವರ ಕಾವಲುಗಾರರಾಗಲು ಅಲ್ಲ. ನಂಬರ್ ಗೊತ್ತಿದ್ದರೂ ಕೊಡಬೇಕಾಗಿಲ್ಲ, ಒಳಗೆ ಕರೆಯಬೇಕಾಗಿಲ್ಲ, ಯಾವ ಕಾಗದಕ್ಕೂ ಸಹಿ ಹಾಕಬೇಕಾಗಿಲ್ಲ.

ವಸೂಲಿಗೆ ಬರುವವರು ಗುರುತಿನ ಚೀಟಿ ಮತ್ತು ಬ್ಯಾಂಕಿನ ಅಧಿಕಾರ ಪತ್ರ ಇಟ್ಟುಕೊಂಡಿರಬೇಕು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ. ತರಬೇತಿ ಪಡೆದಿರಬೇಕು ಅಂತಲೂ ಹೇಳಿದೆ. 2022ರ ಆಗಸ್ಟಿನ ಸುತ್ತೋಲೆಯಲ್ಲಿ ಇನ್ನೂ ಬಿಗಿ ಮಾಡಿತು: ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಬಾರದು, ಸಾಲಗಾರರ ಮನೆಯವರು, ಸ್ನೇಹಿತರ ಖಾಸಗಿ ಬದುಕಿಗೆ ಕೈಹಾಕಬಾರದು, ನಾಲ್ಕು ಜನರೆದುರು ಅವಮಾನ ಮಾಡಬಾರದು. ಸಾಲ ಮಾಡಿದವರಿಗೇ ಇಷ್ಟು ರಕ್ಷಣೆ ಇದ್ದರೆ ಗುರುತು ಪರಿಚಯವೇ ಇಲ್ಲದ ನಿಮ್ಮ ಗೇಟಿನ ಮುಂದೆ ರಾತ್ರಿ ಎಂಟರ ಮೇಲೆ ಅವರಿಗೇನು ಕೆಲಸ? ಗುರುತಿನ ಚೀಟಿಯ ಫೋಟೊ ತೆಗೆದುಕೊಳ್ಳಿ. ತೋರಿಸದಿದ್ದರೆ, ಗದರಿಸಿದರೆ 112ಕ್ಕೆ ಫೋನ್ ಮಾಡಿ.

ಒಂದು ಮೇಲ್ ಕೂಡ ಹಾಕಿ. ಪ್ರತಿ ಬ್ಯಾಂಕು, ಫೈನಾನ್ಸ್ ಕಂಪನಿಯ ವೆಬ್‌ಸೈಟಿನಲ್ಲಿ ದೂರು ಪರಿಹಾರ ಅಧಿಕಾರಿಯ ಮೇಲ್ ಇರುತ್ತದೆ. ಲಕೋಟೆ ಮೇಲಿನ ಹೆಸರು, ವಿಳಾಸ ಬರೆದು, ಇಂಥ ತಾರೀಖಿನಿಂದ ನಾವು ಬಾಡಿಗೆಗೆ ಇದ್ದೇವೆ, ಅವರಿಗೂ ನಮಗೂ ಸಂಬಂಧ ಇಲ್ಲ, ವಿಳಾಸ ತೆಗೆದುಹಾಕಿ, ಜನ ಕಳಿಸಬೇಡಿ ಅಂತ ನಾಲ್ಕು ಸಾಲು. ಲಕೋಟೆಯ ಫೋಟೊ ಜೊತೆಗಿರಲಿ. ಬಾಡಿಗೆ ಕರಾರಿನ ಮೊದಲ ಪುಟ ಸಾಕು, ಆಧಾರ್ ಕಳಿಸಬೇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್ ಇದೆ, 14448 ಸಹಾಯವಾಣಿ ಇದೆ. ಶುಲ್ಕ ಇಲ್ಲ.

ಕಾಗದ ಹಿಂದಿನ ಬಾಡಿಗೆದಾರರ ಬದಲು ನಿಮ್ಮ ಓನರ್ ಹೆಸರಿಗೆ ಬಂದಿದ್ದರೆ ಮಾತ್ರ ಸುಮ್ನೆ ಇರಬೇಡಿ. ಮನೆ ಮೇಲೆ ಸಾಲ ಇದ್ದು ಕಂತು ನಿಂತಿದ್ದರೆ 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು ಮನೆಯನ್ನೇ ವಶಕ್ಕೆ ತೆಗೆದುಕೊಳ್ಳಬಹುದು. ನಿಮ್ಮ ಅಡ್ವಾನ್ಸ್ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ವಕೀಲರ ಹತ್ತಿರ ಹೋಗಿ.

ಓನರ್ ಮಾತು ಬಂತಲ್ಲ, ಅದೊಂದು ಹೇಳಿಬಿಡುತ್ತೇನೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವಾಗ, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಳ್ಳುವಾಗ ಎಲ್ಲಾ ಗೊತ್ತಿರುತ್ತದೆ. ಹಳಬರ ನಂಬರ್ ಅವರ ಫೋನಿನಲ್ಲಿ ಖಂಡಿತ ಇದೆ. ‘ನಿಮ್ಮ ಕಾಗದ ಬರ್ತಿದೆ, ಬ್ಯಾಂಕಿಗೆ ಹೊಸ ವಿಳಾಸ ಕೊಡಿ’ ಅಂತ ಒಂದು ಮಾತು ಹೇಳುವುದು ಅವರ ಕರ್ತವ್ಯ. ನೀವು ನಂಬರ್ ಇಸ್ಕೊಳ್ಳಬೇಡಿ, ಅವರೇ ಹೇಳಲಿ. ಅಕ್ಕಪಕ್ಕದವರಿಗೂ ಅವರೇ ಬಂದು ವಿಷಯ ತಿಳಿಸಲಿ. ಈ ಊರಿನಲ್ಲಿ ಬಾಡಿಗೆದಾರ ಅಂದರೆ ಮೊದಲು ಅನುಮಾನ, ಆಮೇಲೆ ನಮಸ್ಕಾರ. ಮನೆ ನೋಡಲು ಹೋದರೆ ಜಾತಿ ಕೇಳುತ್ತಾರೆ, ಮಾಂಸ ತಿಂತೀರಾ ಅಂತಾರೆ, ಕೆಲಸ ಎಲ್ಲಿ, ಸಂಬಳ ಎಷ್ಟು, ಎಲ್ಲಾ ಬೇಕು. ತಾವು ಮಾತ್ರ ಹಿಂದೆ ಯಾರಿದ್ದರು, ಯಾಕೆ ಹೋದರು ಅನ್ನೋದನ್ನು ಹೇಳುವುದಿಲ್ಲ.

ಹಳೇ ವಿಳಾಸ ಇಷ್ಟು ಕಾಲ ಉಳಿಯುವುದಕ್ಕೂ ಕಾರಣ ಇದೆ. ಅಪಾಯ ಕಡಿಮೆ ಇರುವ ಗ್ರಾಹಕರ ಕೆವೈಸಿಯನ್ನು, ಅಂದರೆ ಗುರುತು, ವಿಳಾಸದ ದಾಖಲೆಯನ್ನು, ಬ್ಯಾಂಕು 10 ವರ್ಷಕ್ಕೊಮ್ಮೆ ಹೊಸದು ಮಾಡಿಸಿದರೆ ಸಾಕು ಅನ್ನುತ್ತದೆ ನಿಯಮ. ಬಾಡಿಗೆ ಕರಾರು 11 ತಿಂಗಳದ್ದು. ಲೆಕ್ಕ ಹಾಕಿ, ಒಂದು ಕೆವೈಸಿ ಆಯುಸ್ಸಿನಲ್ಲಿ ಒಬ್ಬ ಬಾಡಿಗೆದಾರ ಎಷ್ಟು ಮನೆ ಬದಲಿಸಬಹುದು? ವಿಳಾಸ ಬದಲಾದರೆ ತಿಳಿಸುವುದು ಗ್ರಾಹಕರ ಜವಾಬ್ದಾರಿ, ನಿಜ. ಹಿಂದಿನ ಮನೆ ಬಿಟ್ಟಾಗ ನೀವು ನಿಮ್ಮ ಬ್ಯಾಂಕಿಗೆ ತಿಳಿಸಿದಿರಾ? ಇಲ್ಲದಿದ್ದರೆ ಈ ವಾರವೇ ಮಾಡಿ, ಅಲ್ಲಿ ನಿಮ್ಮ ಕಾಗದ ಯಾರ ಕೈ ಸೇರುತ್ತಿದೆಯೋ. ಆದರೆ ಫೋನಿನಲ್ಲಿ ನಾಲ್ಕು ಬಟನ್ ಒತ್ತಿಸಿ ನಿಮಿಷದಲ್ಲಿ ಸಾಲ ಕೊಡುವವರಿಗೆ, ವಾಪಸ್ ಬಂದ ಲಕೋಟೆ ನೋಡಿ ವಿಳಾಸ ತಿದ್ದಿಕೊಳ್ಳಲು ಏನು ಕಷ್ಟ?

ಕೊಡುವಾಗ ಇರುವ ನಗು ಕೇಳುವಾಗ ಇರುವುದಿಲ್ಲ, ನನ್ನ ಸಂಕಟ ಅದು. 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆ ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳ ಕಾಟ ತಾಳಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ದಿನಾ ಓದಿದೆವು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಮಾಡಬೇಕಾಯಿತು. ಹಾಗೆ ಊರು ಬಿಟ್ಟವರು ಎಲ್ಲಿಗೆ ಹೋಗಿರುತ್ತಾರೆ? ಬೆಂಗಳೂರಿಗೆ, ಇನ್ನೊಂದು ಬಾಡಿಗೆ ಮನೆಗೆ. ನಿಮ್ಮ ಮನೆಯಲ್ಲಿ ಮೊದಲು ಇದ್ದವರೂ ಅಂಥವರೇ ಇರಬಹುದು.

ಮೇಲ್ ಇವತ್ತೇ ಕಳಿಸಿ. ಉತ್ತರ ಬಂದರೆ ನಮಗೊಂದು ಪ್ರತಿ ಹಾಕಿ, ಹೆಸರು ಅಳಿಸಿ ನಿಮ್ಮ ಪತ್ರವನ್ನೂ ಅವರ ಉತ್ತರವನ್ನೂ ಇಲ್ಲೇ ಪ್ರಕಟಿಸುತ್ತೇವೆ. 30 ದಿನ ಕಳೆದರೂ ಬರದಿದ್ದರೆ ಅದನ್ನೂ ಬರೆದು ತಿಳಿಸಿ, ಮುಂದಿನ ದೂರನ್ನು ಒಟ್ಟಿಗೆ ಕೂತು ಬರೆಯೋಣ.