ಸಂಪಾದಕರ ಉತ್ತರ: ಕಿತ್ತು ಹಾಕಿದ ಫಿಲ್ಟರ್, ಚಾರ್ಮಾಡಿಯ ನ್ಯೂಟ್ರಲ್

ಓದುಗರ ಪತ್ರ: "ಹಿಂದಿನ ಸಂಚಿಕೆಯಲ್ಲಿ ಡೀಸೆಲ್ ಹೊಗೆ ಬಗ್ಗೆ ಬರೆಯುತ್ತಾ ಗಾಡಿ ಹುಚ್ಚಿನವರನ್ನೇ ದೂರಿದ್ದೀರಿ. ತಪ್ಪು ಹೊಸ ಗಾಡಿಗಳ ಡಿಸೈನಿನಲ್ಲಿದೆ. ಗ್ಲಾಸ್ ಪಕ್ಕದ ಕಂಬ ದಪ್ಪ, ಎಲ್ಲದಕ್ಕೂ ಟಚ್ ಸ್ಕ್ರೀನ್. ನನ್ನ ಬಿಎಸ್6 (ಸರ್ಕಾರದ ಹೊಸ ಹೊಗೆ ಮಿತಿ) ಡೀಸೆಲ್ ಗಾಡಿ ದಿನವೂ ತೋಟದೊಳಗೆ ಫಸ್ಟ್, ಸೆಕೆಂಡ್ ಗೇರಿನಲ್ಲಿ ಓಡುತ್ತದೆ, ಆಮೇಲೆ ಬಣಕಲ್‌ಗೆ ಹೋಗಿ ಬರುತ್ತದೆ. ಅದರ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಪದೇ ಪದೇ ಕಟ್ಟಿಕೊಂಡು ಕೊನೆಗೆ ಗ್ಯಾರೇಜಿನಲ್ಲಿ ಕೀಳಿಸಿದೆ. ಎಮಿಷನ್ ಟೆಸ್ಟ್ ಪಾಸಾಗಿದೆ. ದೊಡ್ಡ ಕಂಪನಿಗಳೇ ಮೋಸ ಮಾಡಿಲ್ವಾ? ಚಾರ್ಮಾಡಿ ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುತ್ತೇನೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಗ ಎಲೆಕ್ಟ್ರಿಕ್ ಗಾಡಿ ತಗೊಳ್ಳೋಣ ಅನ್ನುತ್ತಿದ್ದಾನೆ. ಘಾಟಿಗೆ ಆಗುತ್ತದೆಯೇ?"
– ಕೊಟ್ಟಿಗೆಹಾರ ಸಮೀಪದ ಕಾಫಿ ಬೆಳೆಗಾರರು

ನಮಸ್ಕಾರ. ನಿಮ್ಮ ಸಿಟ್ಟಿನ ಹಿಂದೆ ಗಾಡಿಯ ಮೇಲಿನ ಪ್ರೀತಿ ಕಾಣುತ್ತದೆ. ಆ ಪ್ರೀತಿ ಇರುವವರ ಹತ್ತಿರವೇ ಇದನ್ನು ಮಾತಾಡಬೇಕು. ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿರುವವರೇ ಹೊಗೆಯ ಬಗ್ಗೆ ಹೆಚ್ಚು ಜವಾಬ್ದಾರಿ ತೆಗೆದುಕೊಳ್ಳಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಡಿಸೈನ್ ಬಗ್ಗೆ ನೀವು ಹೇಳಿದ್ದರಲ್ಲಿ ತುಂಬಾ ಸತ್ಯವಿದೆ. ಗಾಡಿ ಪಲ್ಟಿ ಹೊಡೆದಾಗ ಚಾವಣಿ ಕುಸಿಯಬಾರದು ಎಂದು ಮುಂದಿನ ಕಂಬವನ್ನು ದಪ್ಪ ಮಾಡಿದರು. ಜೀವ ಉಳಿಸುವ ಬದಲಾವಣೆ ಅದು. ಆದರೆ ಹೇರ್‌ಪಿನ್ ತಿರುವಿನಲ್ಲಿ ಅದೇ ಕಂಬದ ಹಿಂದೆ ಒಂದು ಬೈಕ್ ಪೂರ್ತಿ ಮರೆಯಾಗುತ್ತದೆ. ತಿರುವಿಗೆ ಮೊದಲು ಸೀಟಿನಲ್ಲಿ ಸ್ವಲ್ಪ ಮುಂದೆ ಬಗ್ಗಿ, ಕಂಬದ ಎರಡೂ ಕಡೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಇನ್ನು ಸ್ಕ್ರೀನ್. ಜುಲೈ ಮಳೆಯಲ್ಲಿ ಗ್ಲಾಸಿಗೆ ಒಳಗಿನಿಂದ ಹಬೆ ಕಟ್ಟಿದಾಗ ಕೈಗೆ ಒಂದು ನಾಬ್ ಸಿಗಬೇಕು. ಮಂಜಿನಲ್ಲಿ ರಸ್ತೆ ಬಿಟ್ಟು ಸ್ಕ್ರೀನಿನ ಮೆನು ಹುಡುಕುವುದು ಅಪಾಯ. ಗಾಡಿಗಳ ಸುರಕ್ಷತೆಗೆ ಅಂಕ ಕೊಡುವ ಯುರೋಪಿನ ಎನ್‌ಸಿಎಪಿ ಸಂಸ್ಥೆ ಕೂಡ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ನಿಜವಾದ ಬಟನ್ನು, ಸ್ವಿಚ್ಚು ಇದ್ದರೇ ಪೂರ್ತಿ ಅಂಕ ಎನ್ನುವ ದಾರಿ ಹಿಡಿದಿದೆ. ಹೊಸ ಗಾಡಿ ನೋಡಲು ಹೋದಾಗ ನಮ್ಮವರು ಸನ್‌ರೂಫ್ ಕೇಳುತ್ತಾರೆ. ಗ್ಲಾಸಿನ ಹಬೆ ತೆಗೆಯುವ ಡಿಫಾಗರ್ ಸ್ವಿಚ್ ಎಲ್ಲಿದೆ ಎಂದು ಮೊದಲು ಕೇಳಬೇಕು.

ಆದರೆ ಡಿಪಿಎಫ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಲಾರೆ.

ಅದು ಯಾಕೆ ಕಟ್ಟಿಕೊಂಡಿತು ಎನ್ನುವುದು ನಿಮ್ಮ ಪತ್ರದಲ್ಲೇ ಇದೆ. ಗಾಡಿ ದಿನವೂ ತೋಟದೊಳಗೆ ಫಸ್ಟ್, ಸೆಕೆಂಡ್ ಗೇರಿನಲ್ಲಿ ಓಡುತ್ತದೆ, ಆಮೇಲೆ ಬಣಕಲ್‌ಗೆ ಹೋಗಿ ಬರುತ್ತದೆ ಎಂದು ಬರೆದಿದ್ದೀರಿ. ಫಿಲ್ಟರಿನಲ್ಲಿ ಕೂತ ಮಸಿ ಸುಟ್ಟು ಹೋಗಬೇಕಾದರೆ ಒಳಗೆ ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕಾಗಿ ಎಂಜಿನ್ ತಾನೇ ಸ್ವಲ್ಪ ಜಾಸ್ತಿ ಡೀಸೆಲ್ ಚಿಮ್ಮಿಸುತ್ತದೆ. ಅಷ್ಟರಲ್ಲಿ ನೀವು ಮನೆ ಮುಂದೆ ನಿಲ್ಲಿಸಿ ಆಫ್ ಮಾಡುತ್ತೀರಿ. ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಪದೇ ಪದೇ ಆದರೆ ಸುಡದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ ಅನುಮಾನ ಪಡಿ. ವಾರಕ್ಕೊಮ್ಮೆ ಬೇಲೂರಿನಿಂದ ಹಾಸನದ ಕಡೆಗೆ, ಒಂದು ಗೇರ್ ಕಮ್ಮಿ ಇಟ್ಟುಕೊಂಡು, 2000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಬಿಡದೆ ಓಡಿಸಿದ್ದರೆ ಬಹುಶಃ ಗ್ಯಾರೇಜಿಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ. ಸಣ್ಣ ಓಡಾಟವೇ ಜಾಸ್ತಿ ಇರುವವರಿಗೆ ಪೆಟ್ರೋಲ್ ಗಾಡಿಯೇ ಸರಿ. ಮಾರುವವರು ಇದನ್ನು ಷೋರೂಮಿನಲ್ಲೇ ಬಿಡಿಸಿ ಹೇಳಬೇಕಿತ್ತು. ಆ ದೂರು ನ್ಯಾಯವಾದದ್ದು.

ಫಿಲ್ಟರ್ ಕಿತ್ತರೆ ಏನಾಗುತ್ತದೆ? ಬಿಎಸ್4ರಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಕಣ ಬಿಡಬಹುದಿತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6ರಲ್ಲಿ ಅದು 4.5ಕ್ಕೆ ಇಳಿಯಿತು. ಇಳಿದದ್ದು ಮುಖ್ಯವಾಗಿ ಆ ಫಿಲ್ಟರಿನಿಂದಲೇ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ನಿಮ್ಮ ಸೈಲೆನ್ಸರ್ ಹಿಂದೆ ನಡೆದು ಹೋಗುವವರು ನಿಮ್ಮದೇ ತೋಟದ ಆಳುಗಳು, ಬಸ್ಸಿಗೆ ಕಾಯುವ ಶಾಲೆ ಮಕ್ಕಳು. ಎಮಿಷನ್ ಟೆಸ್ಟ್ ಪಾಸಾಗಿದ್ದರಿಂದ ಏನೂ ಸಾಬೀತಾಗುವುದಿಲ್ಲ. ಅಲ್ಲಿ ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ಮಬ್ಬು ಎಂದು ನೋಡುತ್ತಾರೆ. ನುಣ್ಣನೆಯ ಕಣ ಅದರಲ್ಲಿ ಸರಿಯಾಗಿ ಸಿಗುವುದಿಲ್ಲ. ನೈಟ್ರೋಜನ್ ಆಕ್ಸೈಡ್ ಅಂತೂ ಅಳೆಯುವುದೇ ಇಲ್ಲ. ಕಂಪನಿ ಕೊಟ್ಟ ಗಾಡಿಯನ್ನು ಹೀಗೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರವೂ ತಪ್ಪು.

ಕಂಪನಿಗಳ ಮೋಸ ನಿಜ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿತ್ತು. ಟೆಸ್ಟ್ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆ ಕಮ್ಮಿ ಮಾಡುವ ಸಾಫ್ಟ್‌ವೇರ್ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಗಾಡಿಗಳಲ್ಲಿತ್ತು. ಅದನ್ನು ಓದಿ ನಮಗೆಲ್ಲ ಸಿಟ್ಟು ಬಂತಲ್ಲ? ಟೆಸ್ಟಿನಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು ಎನ್ನುವುದೇ ಆ ಸಿಟ್ಟಿಗೆ ಕಾರಣ. ಈಗ ನಿಮ್ಮ ಗಾಡಿಯ ಸ್ಥಿತಿಯೂ ಅದೇ. ದಯವಿಟ್ಟು ಫಿಲ್ಟರ್ ವಾಪಸ್ ಹಾಕಿಸಿ. ಖರ್ಚು ಜಾಸ್ತಿ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ನ್ಯೂಟ್ರಲ್ ಅಭ್ಯಾಸವನ್ನಂತೂ ಇವತ್ತೇ ಬಿಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಈಗಿನ ಎಂಜಿನ್‌ಗಳು ಡೀಸೆಲ್ ಚಿಮ್ಮಿಸುವುದನ್ನೇ ನಿಲ್ಲಿಸುತ್ತವೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದರೆ ಐಡ್ಲಿಂಗ್‌ಗೆ ಡೀಸೆಲ್ ಸುಡಲೇಬೇಕು. ಅಂದರೆ ಉಳಿಸಲು ಹೋಗಿ ಖರ್ಚು ಮಾಡುತ್ತಿದ್ದೀರಿ. ಅದಕ್ಕಿಂತ ದೊಡ್ಡ ಮಾತು ಬ್ರೇಕಿನದು. ಇಡೀ ಗಾಡಿಯ ಭಾರ ಬ್ರೇಕ್ ಮೇಲೇ ಬಿದ್ದು ಡಿಸ್ಕ್ ಕಾಯುತ್ತದೆ, ಆ ಬಿಸಿ ಬ್ರೇಕ್ ಆಯಿಲ್‌ಗೆ ಹೋಗುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿವರೆಗಾದರೂ ಕುದಿಯಬಾರದು ಎನ್ನುವುದು ನಿಯಮ. ನೀರಿನಂಶ ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಆಯಿಲ್ ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಮ್ಮ ಮಲೆನಾಡಿನ ತೇವದ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ. ಏರಿದ ಗೇರಿನಲ್ಲೇ ಇಳಿ ಎಂದು ಹಳೇ ಲಾರಿ ಡ್ರೈವರುಗಳು ಹೇಳುವುದು ಇವತ್ತಿಗೂ ಸರಿ. ಇಕ್ಕಟ್ಟಾದ ಕಡೆ ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಎನ್ನುವುದು ಕಾನೂನು ಕೂಡ. ಚಾರ್ಮಾಡಿಯಲ್ಲಿ ಇದನ್ನು ಪಾಲಿಸುವವರು ಕಮ್ಮಿ.

ಮಗನ ಪ್ರಶ್ನೆಗೆ: ಆಗುತ್ತದೆ, ಧೈರ್ಯವಾಗಿ ಯೋಚಿಸಿ. ಸಣ್ಣ ಓಡಾಟಕ್ಕೆ ಎಲೆಕ್ಟ್ರಿಕ್ ತುಂಬಾ ಒಗ್ಗುತ್ತದೆ. ಇಳಿಜಾರಿನಲ್ಲಿ ಮೋಟಾರೇ ಬ್ರೇಕ್ ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಜಾಗ ಇರುವುದಿಲ್ಲ, ಮೋಟಾರಿನ ಹಿಡಿತ ಸಡಿಲವಾಗುತ್ತದೆ. ನಿಮ್ಮ ಮನೆಯಿಂದ ಘಾಟಿ ತೀರಾ ಹತ್ತಿರ, ಅಷ್ಟರಲ್ಲಿ ಚಾರ್ಜ್ ಇಳಿದಿರುವುದಿಲ್ಲ. ಉಜಿರೆ ಕಡೆ ಇಳಿಯುವ ದಿನ ಚಾರ್ಜ್ ಶೇಕಡಾ 85ಕ್ಕೇ ನಿಲ್ಲಿಸಲು ಮಗನಿಗೆ ಹೇಳಿ.