ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ

ಪ್ರಶ್ನೆ: ನಾನು ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ಇನ್ನೆರಡು ತಿಂಗಳಲ್ಲಿ ಕೆಲವರನ್ನು ಕೆಲಸದಿಂದ ತೆಗೆಯುತ್ತಾರೆ. ಆ ಪಟ್ಟಿ ಮಾಡುತ್ತಿರುವ ಮೂವರಲ್ಲಿ ನಾನೂ ಒಬ್ಬಳು. ಅದರಲ್ಲಿ ನಾನು ಅಕ್ಕ ಎಂದು ಕರೆಯುವ ಸಹೋದ್ಯೋಗಿಯ ಹೆಸರಿದೆ. ನಾನು ಹೊಸದಾಗಿ ಸೇರಿದಾಗ ಕೈಹಿಡಿದು ಕೆಲಸ ಕಲಿಸಿದವರು ಅವರು. ಈಗ ಸಾಲ ಮಾಡಿ ಮನೆ ಕೊಳ್ಳುತ್ತಿದ್ದಾರೆ. ಮುಂದಿನ ತಿಂಗಳ ಕೊನೆಗೆ ಮುಂಗಡ ಕೊಡಬೇಕು. ಕಳೆದ ವಾರ ಊಟದ ಹೊತ್ತಿನಲ್ಲಿ ಕೇಳಿದರು: “ಕಂಪನಿ ಕಡೆಯಿಂದ ಏನೂ ತೊಂದರೆ ಇಲ್ಲ ಅಲ್ವಾ? ಧೈರ್ಯವಾಗಿ ಸಹಿ ಹಾಕ್ಲಾ?” ನಾನು “ಏನೂ ಇಲ್ಲ ಅಕ್ಕ, ಹಾಕಿ” ಅಂದುಬಿಟ್ಟೆ. ಅವತ್ತಿನಿಂದ ನಿದ್ದೆ ಇಲ್ಲ. ಪಟ್ಟಿಯ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಬರೆದುಕೊಟ್ಟಿದ್ದೇನೆ. ನನ್ನ ಮ್ಯಾನೇಜರ್ “ಇದು ಎಥಿಕ್ಸ್ ವಿಷಯ, ಬಾಯಿ ಬಿಡಬಾರದು” ಎನ್ನುತ್ತಾರೆ. ನನ್ನ ಗಂಡ “ನಿನ್ನ ಎಥಿಕ್ಸ್ ಇರಲಿ, ಮನಸ್ಸಾಕ್ಷಿ ಏನು ಹೇಳುತ್ತೆ?” ಎನ್ನುತ್ತಾರೆ. ಇವೆರಡೂ ಒಂದೇ ಅಲ್ವಾ? ಬೇರೆ ಬೇರೆ ಆದರೆ ಯಾವುದರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಊಟದ ಹೊತ್ತಿನ ಆ ಒಂದು ಮಾತಿನ ಹತ್ತಿರ ನಿಂತುಬಿಟ್ಟೆ. “ಏನೂ ಇಲ್ಲ ಅಕ್ಕ, ಹಾಕಿ.” ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ಹೇಳುತ್ತೇನೆ.

ಮನಸ್ಸಾಕ್ಷಿ ಹೇಳುವ ನೀತಿಗೆ ಇಂಗ್ಲಿಷಿನಲ್ಲಿ ಮಾರಲ್ ಎನ್ನುತ್ತಾರೆ. ಎಥಿಕ್ಸ್, ಮಾರಲ್ ಎರಡೂ ಹುಟ್ಟಿನಲ್ಲಿ ಒಂದೇ. ಎಥಿಕ್ಸ್ ಎಂಬ ಮಾತು ಗ್ರೀಕಿನ ‘ಎಥೋಸ್’ನಿಂದ ಬಂತು. ನಡತೆ, ಸ್ವಭಾವ ಎಂದು ಅರ್ಥ. ಪ್ರಾಚೀನ ರೋಮಿನ ಚಿಂತಕ ಸಿಸೆರೊ ಅದನ್ನು ಲ್ಯಾಟಿನ್ನಿಗೆ ತರಬೇಕಾದಾಗ ತನ್ನ ಭಾಷೆಯಲ್ಲಿ ರೂಢಿಗೆ ಇದ್ದ ‘ಮೋಸ್’ ಎಂಬ ಪದ ಹಿಡಿದು ‘ಮೊರಾಲಿಸ್’ ಎಂಬ ಹೊಸ ಪದ ಕಟ್ಟಿದ. ಮಾರಲ್ ಬಂದದ್ದು ಅಲ್ಲಿಂದ. ಒಂದು ಇನ್ನೊಂದರ ಅನುವಾದ, ಅಷ್ಟೇ. ಕನ್ನಡದಲ್ಲಂತೂ ಎರಡಕ್ಕೂ ‘ನೀತಿ’ ಎನ್ನುತ್ತೇವೆ. ಹಾಗಾಗಿ ನಿಮಗೆ ಬಂದ ಅನುಮಾನ ಸರಿಯಾಗಿಯೇ ಇದೆ. ತತ್ವಶಾಸ್ತ್ರ ಓದಿದವರಲ್ಲೂ ಎಷ್ಟೋ ಜನ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ.

ದಿನದ ಬಳಕೆಯಲ್ಲಿ ಮಾತ್ರ ದಾರಿ ಕವಲೊಡೆದಿದೆ. ವೈದ್ಯರು, ವಕೀಲರು, ನಿಮ್ಮಂಥವರು ಎಥಿಕ್ಸ್ ಎನ್ನುವಾಗ ಆ ಕೆಲಸ ಮಾಡುವವರೆಲ್ಲ ಸೇರಿ ಒಪ್ಪಿಕೊಂಡ ಕಟ್ಟುಪಾಡನ್ನು ಹೇಳುತ್ತಿರುತ್ತಾರೆ. ಅದನ್ನು ಬರೆದಿಟ್ಟಿರುತ್ತಾರೆ. ಮುರಿದರೆ ಕೇಳುವವರು ಇರುತ್ತಾರೆ. ನಿಮ್ಮ ಗಂಡ ಹೇಳುತ್ತಿರುವುದು ಒಳಗಿನ ನೀತಿಯನ್ನು. ಬೆಳೆದ ಮನೆ, ನಂಬಿಕೆ, ಪಟ್ಟ ನೋವು, ಪಡೆದ ಪ್ರೀತಿ ಎಲ್ಲ ಸೇರಿ ಆಗಿರುವಂಥದ್ದು ಅದು. ಕೆಲಸ ಬದಲಾದರೂ ಜೊತೆಗೇ ಬರುತ್ತದೆ. ಯಾರೂ ನೋಡದೆ ಇದ್ದಾಗಲೂ ಕೇಳುತ್ತದೆ. ಈಗ ರಾತ್ರಿ ನಿಮ್ಮನ್ನು ಎಬ್ಬಿಸುತ್ತಿರುವುದೂ ಅದೇ.

ಇಲ್ಲಿ ಜನ ಒಂದು ತಪ್ಪು ಮಾಡುತ್ತಾರೆ. ನಿಯಮ ಅಂದರೆ ಒಣಗಿದ್ದು, ಮನಸ್ಸಾಕ್ಷಿ ಅಂದರೆ ಹಸಿಯಾದದ್ದು ಎಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ನಿಮ್ಮ ಪತ್ರದಲ್ಲಿ ಅಕ್ಕನ ಬಗ್ಗೆ ಇಷ್ಟೆಲ್ಲ ಇದೆ. ಪಟ್ಟಿಯಲ್ಲಿರುವ ಉಳಿದವರ ಬಗ್ಗೆ ಒಂದು ಸಾಲೂ ಇಲ್ಲ. ಅವರಿಗೂ ಸಾಲ ಇರಬಹುದು, ಮಕ್ಕಳ ಫೀಸು ಇರಬಹುದು. ಆದರೆ ಎಚ್‌ಆರ್‌ನಲ್ಲಿ ಅವರಿಗೊಬ್ಬ ತಂಗಿ ಇಲ್ಲ. ನೀವು ಬರೆದುಕೊಟ್ಟ ಮಾತು ಅವರನ್ನೂ ಕಾಯುತ್ತಿದೆ. ಯಾರ ಹೆಸರೂ ಪಿಸುಮಾತಿನಲ್ಲಿ ಹರಡಬಾರದು, ಕೊನೆಯ ದಿನದವರೆಗೆ ಹೆಸರು ಬದಲಾಗುವ ಅವಕಾಶ ಉಳಿಯಬೇಕು, ಎಲ್ಲರಿಗೂ ಒಂದೇ ದಿನ ಸರಿಯಾದ ರೀತಿಯಲ್ಲಿ ತಿಳಿಯಬೇಕು. ಕಣ್ಣೆದುರಿಗೆ ಇಲ್ಲದವರ ಮೇಲಿನ ಕಾಳಜಿಯೂ ಕಾಳಜಿಯೇ ತಾನೇ? ಪಟ್ಟಿಯ ವಿಷಯ ನೀವು ಗಂಡನಿಗೆ ಆಗಲೇ ಹೇಳಿದ್ದೀರಿ. ಬಯ್ಯುತ್ತಿಲ್ಲ. ಇಷ್ಟು ಭಾರ ಒಬ್ಬರೇ ಹೊರುವುದು ಕಷ್ಟ. ಆದರೆ ಗುಟ್ಟು ಎಷ್ಟು ಸುಲಭವಾಗಿ ಮನೆ ದಾಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹಾಗಾದರೆ ನಿಯಮವೇ ಗೆಲ್ಲಬೇಕಾ? ಅದೂ ಅಷ್ಟು ಸಲೀಸಲ್ಲ. ಅಮೆರಿಕದಲ್ಲಿ ನಡೆದ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. 1982ರಲ್ಲಿ ಶಿಕಾಗೋದಲ್ಲಿ ಒಬ್ಬ ಕಾವಲುಗಾರನ ಕೊಲೆಯಾಯಿತು. ಆಲ್ಟನ್ ಲೋಗನ್ ಎಂಬಾತನನ್ನು ಹಿಡಿದು ಜೀವಾವಧಿ ಶಿಕ್ಷೆ ಕೊಟ್ಟರು. ಅದೇ ಹೊತ್ತಿಗೆ ಬೇರೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ ಆಂಡ್ರ್ಯೂ ವಿಲ್ಸನ್ ಎಂಬವನು, ಆ ಕೊಲೆ ಮಾಡಿದ್ದು ನಾನು ಎಂದು ತನ್ನ ಇಬ್ಬರು ವಕೀಲರ ಬಳಿ ಒಪ್ಪಿಕೊಂಡ. ಕಕ್ಷಿದಾರ ಹೇಳಿದ್ದನ್ನು ವಕೀಲರು ಹೊರಗೆ ಬಿಡುವಂತಿಲ್ಲ. ಆ ನಂಬಿಕೆ ಇಲ್ಲದಿದ್ದರೆ ಯಾರೂ ವಕೀಲರ ಹತ್ತಿರ ನಿಜ ಹೇಳುವುದೇ ಇಲ್ಲ. ಅವರು ಏನು ಮಾಡಿದರು ಗೊತ್ತಾ? ಲೋಗನ್ ನಿರಪರಾಧಿ ಎಂದು ಪ್ರಮಾಣಪತ್ರ ಬರೆದು, ಮುದ್ರೆ ಹಾಕಿ, ಪೆಟ್ಟಿಗೆಯಲ್ಲಿಟ್ಟರು. ‘ನೀನು ಸತ್ತ ಮೇಲಾದರೂ ಹೇಳಬಹುದಾ?’ ಎಂದು ವಿಲ್ಸನ್‌ನಿಂದ ಒಪ್ಪಿಗೆ ಪಡೆದರು. ಅವನು ಸತ್ತದ್ದು 2007ರಲ್ಲಿ. ಲೋಗನ್ ಜೈಲಿನಿಂದ ಹೊರಬಂದದ್ದು 2008ರಲ್ಲಿ. 26 ವರ್ಷ!

ಇದನ್ನು ಓದಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಆ ವಕೀಲರನ್ನು ಕೆಟ್ಟವರು ಎನ್ನಲು ಮಾತ್ರ ಬಾಯಿ ಬರುವುದಿಲ್ಲ. ಅವರು ನಿಯಮ ತೋರಿಸಿ ಕೈ ತೊಳೆದುಕೊಳ್ಳಲಿಲ್ಲ. ನಿಯಮದ ಒಳಗೇ ಎಲ್ಲಾದರೂ ಒಂದು ಕಿಂಡಿ ಇದೆಯಾ ಎಂದು ಹುಡುಕಿದರು. ಸಿಕ್ಕಿದ ಕಿಂಡಿ ತೀರಾ ಚಿಕ್ಕದಾಗಿತ್ತು. ಅಷ್ಟು ದೊಡ್ಡ ಅನ್ಯಾಯದ ಎದುರು ಆ ನಿಯಮವೇ ಬದಲಾಗಬೇಕು ಎಂದು ನನಗೆ ಅನಿಸುತ್ತದೆ.

ನಿಯಮ ಮುರಿದೇ ಸರಿದಾರಿ ಹಿಡಿದವರೂ ಇದ್ದಾರೆ. ಅದೇ ದೇಶದ ಟಸ್ಕಿಗಿಯಲ್ಲಿ ಸರ್ಕಾರದ ಆರೋಗ್ಯ ಇಲಾಖೆ 1932ರಿಂದ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಜನಾಂಗದ ಗಂಡಸರನ್ನು ಬರೀ ಗಮನಿಸುತ್ತಾ ಕೂತಿತ್ತು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಅವರಿಗೆ ಕೊಡಲಿಲ್ಲ. ಪೀಟರ್ ಬಕ್ಸ್‌ಟನ್ ಎಂಬ ಯುವ ನೌಕರ 1966ರಲ್ಲಿ ಮೇಲಿನವರಿಗೆ ಪತ್ರ ಬರೆದ. ಅವರು ಕೇಳಲಿಲ್ಲ. ಮತ್ತೆ ಬರೆದ. ಆಗಲೂ ಕೇಳಲಿಲ್ಲ. ಕೊನೆಗೆ ಪತ್ರಿಕೆಯವರಿಗೆ ಹೇಳಿದ. 1972ರಲ್ಲಿ ಸುದ್ದಿ ಹೊರಬಂದು ಎಲ್ಲ ನಿಂತಿತು. ಇವತ್ತು ಮನುಷ್ಯರ ಮೇಲಿನ ಸಂಶೋಧನೆಗೆ ಇರುವ ಎಷ್ಟೋ ಕಟ್ಟುಪಾಡುಗಳು ಹುಟ್ಟಿದ್ದು ಆ ಸುದ್ದಿಯ ನಂತರ. ಒಬ್ಬನ ಒಳಗಿನ ನೀತಿ ಹೀಗೂ ಎಲ್ಲರ ನೀತಿಯಾಗಬಹುದು.

ನಿಮ್ಮ ವಿಷಯ ಆ ತೂಕದ್ದಲ್ಲ. ಕೆಲಸ ಹೋಗುವುದು ದೊಡ್ಡ ಪೆಟ್ಟು, ಒಪ್ಪುತ್ತೇನೆ. ಆದರೆ ಕಂಪನಿ ಯಾರಿಗೂ ಮೋಸ ಮಾಡುತ್ತಿದೆ ಎಂದು ನೀವು ಬರೆದಿಲ್ಲ. ಅಕ್ಕನ ಜೀವಕ್ಕೆ ಅಪಾಯ ಇಲ್ಲ. ಮುಂಗಡ ಕೊಡಲು ಇನ್ನೂ ಸಮಯ ಇದೆ. ಹಾಗಾಗಿ ಪಟ್ಟಿಯ ವಿಷಯ ಅಕ್ಕನಿಗೆ ಹೇಳಬೇಡಿ. ಕಣ್ಸನ್ನೆಯಲ್ಲೂ ಬೇಡ. ಕೆಲವರು ಬಾಯಲ್ಲಿ ಹೇಳದೆ ನಿಟ್ಟುಸಿರು ಬಿಟ್ಟು, ‘ಯೋಚನೆ ಮಾಡಿ ಅಕ್ಕ’ ಎಂದು ಎಳೆದು ಹೇಳಿ, ನಾನು ಗುಟ್ಟು ಬಿಟ್ಟಿಲ್ಲ ಎಂದುಕೊಳ್ಳುತ್ತಾರೆ. ಅದು ಹೇಳಿದ ಹಾಗೆಯೇ.

ಈಗ ಆ ಊಟದ ಹೊತ್ತಿನ ಮಾತು. ಸುಮ್ಮನಿರಿ ಎಂದು ನಿಮ್ಮ ಕೆಲಸ ಕೇಳಿತ್ತು. ಸುಳ್ಳು ಹೇಳಿ ಎಂದು ಯಾರೂ ಕೇಳಿರಲಿಲ್ಲ. ನಿಮ್ಮ ಮ್ಯಾನೇಜರ್ ಕೇಳಲಿಲ್ಲ, ನೀವು ಸಹಿ ಹಾಕಿದ ಕಾಗದವೂ ಕೇಳಲಿಲ್ಲ. “ಏನೂ ಇಲ್ಲ, ಹಾಕಿ” ಎಂದಾಗ ನೀವು ಗುಟ್ಟು ಕಾಯುವುದನ್ನು ದಾಟಿ, ಅಕ್ಕನನ್ನು ಒಂದು ದಾರಿಗೆ ತಳ್ಳಿದಿರಿ. ಬೇಕೆಂದು ಮಾಡಿದ್ದಲ್ಲ, ಗಾಬರಿಯಲ್ಲಿ ಬಂದ ಮಾತು. ಆದರೂ ಅವರು ಈಗ ಆ ಮಾತು ನಂಬಿ ಹಣ ಹೊಂದಿಸುತ್ತಿದ್ದಾರೆ. ನೀವು ಇದನ್ನು ಎಥಿಕ್ಸ್ ಮತ್ತು ಮನಸ್ಸಾಕ್ಷಿಯ ಜಗಳ ಎಂದುಕೊಂಡಿದ್ದೀರಿ. ನಿದ್ದೆ ಕೆಟ್ಟಿರುವುದು ಆ ಜಗಳಕ್ಕಿಂತ ಜಾಸ್ತಿ ಈ ಮಾತಿನಿಂದ ಎಂದು ನನಗನಿಸುತ್ತದೆ. ಇದರಲ್ಲಿ ಎಥಿಕ್ಸ್, ಮನಸ್ಸಾಕ್ಷಿ ಎರಡೂ ಒಂದೇ ಕಡೆ ಇವೆ. ಎರಡೂ ಬೇಡ ಎಂದದ್ದನ್ನು ನೀವು ಹೇಳಿಬಿಟ್ಟಿರಿ.

ಆ ಮಾತನ್ನು ವಾಪಸು ತೆಗೆದುಕೊಳ್ಳಿ. ಅದಕ್ಕೂ ಮೊದಲು ಮ್ಯಾನೇಜರ್ ಹತ್ತಿರ ಹೋಗಿ. ಇದ್ದದ್ದು ಇದ್ದ ಹಾಗೆ ಹೇಳಿ. ‘ಪಟ್ಟಿಯಲ್ಲಿರುವ ಒಬ್ಬರು ನನಗೆ ತುಂಬಾ ಹತ್ತಿರದವರು. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಅವರ ಹೆಸರಿನ ಬಗ್ಗೆ ತೀರ್ಮಾನ ಆಗುವಾಗ ನಾನು ಇರುವುದು ಸರಿಯಲ್ಲ. ಅವರು ದೊಡ್ಡ ಸಾಲಕ್ಕೆ ಕೈಹಾಕುತ್ತಿದ್ದಾರೆ. ಕೇಳಿದಾಗ ನಾನು ಸುಳ್ಳು ಹೇಳಿದೆ, ಅದನ್ನು ಸರಿಪಡಿಸಬೇಕು.’ ನಂತರ ಒಂದು ಬೇಡಿಕೆ ಇಡಿ: ಪಟ್ಟಿಯಲ್ಲಿರುವವರಿಗೆ ಇನ್ನೂ ಬೇಗ ತಿಳಿಸಲು ಆಗುತ್ತಾ? ಅಕ್ಕನೊಬ್ಬರಿಗೆ ಮಾತ್ರ ಎಂದು ಕೇಳಬೇಡಿ. ಎಲ್ಲರಿಗೂ ಮೂರು ವಾರ ಮೊದಲು ಗೊತ್ತಾದರೆ ಎಲ್ಲರಿಗೂ ಮೂರು ವಾರ ಸಿಗುತ್ತದೆ. ಬೇರೆ ಕೆಲಸ ಹುಡುಕಲು, ಕೈಹಾಕಿದ ಖರ್ಚು ನಿಲ್ಲಿಸಲು ಆ ಮೂರು ವಾರ ಎಷ್ಟು ದೊಡ್ಡದು ಎಂದು ಕೆಲಸ ಕಳೆದುಕೊಂಡವರಿಗೇ ಗೊತ್ತು. ಇದು ಕಂಪನಿಯ ಕೈಯಲ್ಲಿರುವ ವಿಷಯ. ಕೇಳುವವರು ಒಬ್ಬರು ಬೇಕು, ನೀವು ಕೇಳಬಹುದು.

ಮ್ಯಾನೇಜರ್ ಆಗುವುದಿಲ್ಲ ಎಂದರೆ? ಅನ್ನಬಹುದು. ಆಗ ಅವರ ಮೇಲಿನವರನ್ನು ಕೇಳಿ, ಬರೆದು ಕೇಳಿ. ಅಲ್ಲೂ ಇಲ್ಲ ಎಂದಾದರೂ ಅಕ್ಕನ ಜೊತೆಗಿನ ಮಾತು ನಿಲ್ಲಬಾರದು. ಅದನ್ನು ಮಾಡುತ್ತೇನೆ ಎಂದು ಮ್ಯಾನೇಜರ್‌ಗೆ ತಿಳಿಸಿಯೇ ಮಾಡಿ. ಅಕ್ಕನನ್ನು ಕೂರಿಸಿಕೊಂಡು ಹೀಗೆ ಹೇಳಿ: “ಅವತ್ತು ನೀವು ಕೇಳಿದಾಗ ನಾನು ಸುಮ್ನೆ ಏನೂ ಇಲ್ಲ ಅಂದೆ. ಹಾಗೆ ಹೇಳಬಾರದಿತ್ತು. ನಾನಿರುವ ಕೆಲಸದಲ್ಲಿ ಕಂಪನಿಯ ಮುಂದಿನ ವಿಷಯ ಯಾರು ಕೇಳಿದರೂ ಹೌದು, ಇಲ್ಲ ಎರಡೂ ಹೇಳುವ ಹಾಗಿಲ್ಲ. ನನ್ನ ಮಾತು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಆರು ತಿಂಗಳು ಸಂಬಳ ಬರದಿದ್ದರೂ ಕಂತು ಕಟ್ಟಬಲ್ಲಿರಾ ಎಂದು ನೋಡಿಕೊಂಡು ನೀವೇ ತೀರ್ಮಾನ ಮಾಡಿ.” ಸಾಲ ಮಾಡುವ ಯಾರಿಗೆ ಬೇಕಾದರೂ ಇದೇ ಮಾತು ಹೇಳಬಹುದು. ನಾಳೆ ಪಟ್ಟಿಯಲ್ಲಿ ಇಲ್ಲದ ಬೇರೊಬ್ಬರು ಕೇಳಿದರೂ ಇದೇ ಉತ್ತರ ಕೊಡಿ. ಉತ್ತರ ಎಲ್ಲರಿಗೂ ಒಂದೇ ಆದಾಗ ಅದು ಸೂಚನೆಯಾಗುವುದಿಲ್ಲ.

ಅಕ್ಕ ಜಾಣರಾದರೆ ಇಷ್ಟರಿಂದಲೇ ಏನೋ ಊಹಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ಹೌದು, ಊಹಿಸಬಹುದು. ಇದರ ಬಗ್ಗೆ ನಾನೂ ಬಹಳ ಹೊತ್ತು ಯೋಚಿಸಿದೆ. ಇಲ್ಲಿ ನೀವು ಕಂಪನಿಯ ಮಾತನ್ನು ಹೊರಗೆ ಹಾಕುತ್ತಿಲ್ಲ, ನಿಮ್ಮ ಮಾತನ್ನು ವಾಪಸು ಪಡೆಯುತ್ತಿದ್ದೀರಿ. ಸುಳ್ಳು ನಿಮ್ಮದು, ಅದನ್ನು ತೆಗೆಯುವ ಹಕ್ಕೂ ಹೊಣೆಯೂ ನಿಮ್ಮದೇ. ಇದಕ್ಕಾಗಿ ಮೇಲಿನವರು ಮುನಿಸಿಕೊಂಡರೆ ಆ ಮುನಿಸನ್ನು ನೀವು ತಡೆದುಕೊಳ್ಳಬೇಕಾಗುತ್ತದೆ.

ಸುದ್ದಿ ಹೊರಬಿದ್ದ ದಿನ ಅಕ್ಕ ಬಂದು “ನಿನಗೆ ಗೊತ್ತಿತ್ತಾ?” ಎಂದು ಕೇಳುತ್ತಾರೆ. “ಗೊತ್ತಿತ್ತು ಅಕ್ಕ” ಎನ್ನಿ. ಕಾರಣ ಕೇಳಿದರೆ ಹೇಳಿ, ಕೇಳದಿದ್ದರೆ ಅವರ ಸಿಟ್ಟು ಕೇಳಿಸಿಕೊಳ್ಳಿ. ಕೆಲವು ದಿನ ಮಾತು ಬಿಡಬಹುದು. ಆ ದಿನಗಳಲ್ಲೂ ಅವರ ರೆಸ್ಯೂಮೆ ತಿದ್ದಿಕೊಡಲು, ಹೊಸ ಕೆಲಸಕ್ಕೆ ಅವರ ಪರವಾಗಿ ಒಳ್ಳೆಯ ಮಾತು ಹೇಳಲು, ಬಾಕಿ ಹಣ ಬೇಗ ಕೈಸೇರುವಂತೆ ನೋಡಿಕೊಳ್ಳಲು ಎಚ್‌ಆರ್‌ನಲ್ಲಿರುವ ನಿಮಗಿಂತ ಚೆನ್ನಾಗಿ ಗೊತ್ತಿರುವವರು ಯಾರಿದ್ದಾರೆ?